ಮಾರುತಿ 800 ತಗ್ಗಿಸುವುದು: ರೆಡಿಮೇಡ್ ಸ್ಪ್ರಿಂಗ್ ಸಿಗದ ಗಾಡಿಗೆ ಹಂತ ಹಂತದ ದಾರಿ

"ಹಳೇ 800 ಇದೆ, ಸ್ವಲ್ಪ ಕೆಳಗಿಳಿಸಬೇಕು, ಲೋವರಿಂಗ್ ಸ್ಪ್ರಿಂಗ್ ಎಲ್ಲಿ ಸಿಗುತ್ತೆ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ನಿಮ್ಮ ಗಾಡಿಗೆಂದೇ ತಯಾರಾಗಿ ಡಬ್ಬಿಯಲ್ಲಿ ಬರುವ ಸ್ಪ್ರಿಂಗ್ ಸೆಟ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಉಳಿಯುವುದು ಎರಡೇ ದಾರಿ. ಒಂದು, ಸ್ಪ್ರಿಂಗ್ ಮಾಡುವವರ ಹತ್ತಿರ ಅಳತೆ ಕೊಟ್ಟು ಹೊಸದಾಗಿ ಸುತ್ತಿಸುವುದು. ಇನ್ನೊಂದು, ಇರುವ ಸ್ಪ್ರಿಂಗನ್ನೇ ಲೆಕ್ಕ ಹಾಕಿ ಕತ್ತರಿಸುವುದು. ಎರಡನ್ನೂ ಸರಿಯಾಗಿ ಮಾಡಬಹುದು, ಎರಡನ್ನೂ ಕೆಡಿಸಬಹುದು. ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಗಾಡಿ ಎಷ್ಟು ಇಳಿಯಬೇಕು ಎಂದು ಎಲ್ಲರೂ ಯೋಚಿಸುತ್ತಾರೆ, ಇಳಿದ ಮೇಲೆ ಚಕ್ರ ಮೇಲೇಳಲು ಎಷ್ಟು ಜಾಗ ಉಳಿಯುತ್ತದೆ ಎಂದು ಯಾರೂ ಅಳೆಯುವುದಿಲ್ಲ.

ಇಲ್ಲಿ ಹೇಳುವುದು 1986ರ ನಂತರದ, ದುಂಡನೆಯ ಮೈಯ 800ರ ಬಗ್ಗೆ. ಇದರಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಸೇರಿರುವ ಜೋಡಣೆ. ಹಿಂದೆ ಎರಡು ಚಕ್ರವನ್ನೂ ಹಿಡಿದಿರುವ ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ಕಾಯಿಲ್ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. 1983ರಿಂದ 86ರವರೆಗೆ ಬಂದ ಮೊದಲ ಚೌಕಾಕಾರದ 800ಗೆ ಹಿಂದೆ ಲೀಫ್ ಸ್ಪ್ರಿಂಗ್ (ಪಟ್ಟಿ) ಇರುವುದರಿಂದ ಈ ಲೇಖನದ 6ನೇ ಹಂತ ಅದಕ್ಕೆ ಹೊಂದುವುದಿಲ್ಲ. ಝೆನ್ ಇಟ್ಟುಕೊಂಡವರು ಕ್ರಮವನ್ನು ಹಾಗೇ ಅನುಸರಿಸಬಹುದು, ಅಳತೆ ಮಾತ್ರ ತಮ್ಮ ಗಾಡಿಯದೇ ತೆಗೆದುಕೊಳ್ಳಬೇಕು.

ಸಾಮಾನು ತರುವ ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ಹೇಳುತ್ತದೆ. ಗಾಡಿಯ ಎತ್ತರ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ನಿಜ. ಆದರೆ 800ರ ಉತ್ಪಾದನೆ ನಿಂತದ್ದೇ 2014ರಲ್ಲಿ, ಹೆಚ್ಚಿನ ಗಾಡಿಗಳು 15 ವರ್ಷ ದಾಟಿ ಐದೈದು ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಹೋಗುವಂಥವು. ಅಲ್ಲಿ ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರೆ ಕತ್ತರಿಸಿದ ಸ್ಪ್ರಿಂಗ್ ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ ವಿಮೆಯವರೂ ಕೇಳುತ್ತಾರೆ. ಇದನ್ನೆಲ್ಲ ತೂಗಿ ನೋಡಿ, ಬೇಕೆನಿಸಿದರೆ ಮಾತ್ರ ಮುಂದುವರಿಯಿರಿ. ಹಾಗಾಗಿಯೇ ನಮ್ಮ ಮೊದಲ ಸಲಹೆ: ಮೂಲ ಸ್ಪ್ರಿಂಗ್‌ಗಳನ್ನು ಮುಟ್ಟಬೇಡಿ, ಒಂದು ಬಿಡಿ ಸೆಟ್ ಹೊಂದಿಸಿಕೊಂಡು ಅದರ ಮೇಲೆ ಕೆಲಸ ಮಾಡಿ.

ಬೇಕಾಗುವ ಸಾಮಾನು

ಟ್ರಾಲಿ ಜಾಕ್ ಒಂದು, ಆಕ್ಸಲ್ ಸ್ಟ್ಯಾಂಡ್ ಎರಡು, ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಉಪಕರಣ) ಒಂದು ಜೊತೆ, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಕತ್ತರಿಸುವುದಾದರೆ ತೆಳು ಕಟಿಂಗ್ ವೀಲ್ ಹಾಕಿದ ಗ್ರೈಂಡರ್, ಕಣ್ಣಿಗೆ ಕನ್ನಡಕ. ಅಳತೆಗೆ ವರ್ನಿಯರ್ ಕ್ಯಾಲಿಪರ್, ಟೇಪು, ನಾಲ್ಕಾರು ಕೇಬಲ್ ಟೈ, ಮಕ್ಕಳು ಆಡುವ ಕ್ಲೇ ಒಂದು ಉಂಡೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಸ್ಟ್ಯಾಂಡ್ ಬದಲು ಇಟ್ಟಿಗೆ, ಹಾಲೋ ಬ್ಲಾಕ್, ಹಳೇ ರಿಮ್ ಇಡುವವರಿದ್ದಾರೆ. ಹಾಲೋ ಬ್ಲಾಕ್ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

1. ಈಗ ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ

ಸಮತಟ್ಟಾದ ನೆಲ, ಅರ್ಧ ಟ್ಯಾಂಕ್ ಪೆಟ್ರೋಲ್, ಡಿಕ್ಕಿ ಖಾಲಿ, ಟೈರಿಗೆ ಸರಿಯಾದ ಗಾಳಿ. ಗಾಡಿಯನ್ನು ಹತ್ತು ಅಡಿ ಹಿಂದೆ ಮುಂದೆ ಉರುಳಿಸಿ ನಿಲ್ಲಿಸಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರ್ ಸವೆತ, ಗಾಳಿ ಎಲ್ಲ ಆ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ.

ಎಡ ಬಲಗಳಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ. ಇಪ್ಪತ್ತೈದು ವರ್ಷ ಓಡಿದ ಗಾಡಿ ತಾನಾಗಿಯೇ ಕೂತಿರುವುದು ಸಾಮಾನ್ಯ. ಅಂಥ ಗಾಡಿಯ ಸ್ಪ್ರಿಂಗನ್ನು ಮತ್ತೆ ಕತ್ತರಿಸಿದರೆ ಕಂಪನಿ ಎತ್ತರದಿಂದ ಎಷ್ಟು ಇಳಿದಿರಿ ಎಂಬುದೇ ನಿಮಗೆ ಗೊತ್ತಿರುವುದಿಲ್ಲ.

2. ಸವೆದದ್ದನ್ನು ಮೊದಲು ಬದಲಿಸಿ

ಬೇಸರದ ಹಂತ, ಆದರೆ ಬಿಡುವಂತಿಲ್ಲ. ಲೋಯರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿಯುವ ತೋಳು) ಬುಷ್ (ಜೋಡಣೆಯ ರಬ್ಬರ್), ಬಾಲ್ ಜಾಯಿಂಟ್ (ಆ ತೋಳಿನ ಹೊರತುದಿಯ ಗುಂಡು ಕೀಲು), ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕಂಬಿಯ ತುದಿ), ಸ್ಟ್ರಟ್ ಮೌಂಟ್ (ಸ್ಟ್ರಟ್ಟಿನ ತಲೆಯನ್ನು ಬಾಡಿಗೆ ಹಿಡಿಯುವ ರಬ್ಬರ್ ಜೋಡಣೆ), ಹಿಂದಿನ ಟ್ರೇಲಿಂಗ್ ಆರ್ಮ್ (ಹಿಂದಿನ ಆಕ್ಸಲನ್ನು ಬಾಡಿಗೆ ಸೇರಿಸುವ ಉದ್ದುದ್ದ ತೋಳು) ಬುಷ್ ಇವೆಲ್ಲ 800ಗೆ ಇನ್ನೂ ಸಿಗುತ್ತವೆ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಸಾಕು. ಶಾಕ್‌ಗಳು ನಾಲ್ಕೂ ಹೊಸದಾಗಿರಲಿ. ತಗ್ಗಿಸಿದ ಮೇಲೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಅದನ್ನು ಸೋರುವ ಶಾಕ್ ಹಿಡಿಯಲಾರದು, ಗಾಡಿ ಪುಟಿಯುತ್ತದೆ. ಆಮೇಲೆ ಬೈಗುಳ ಸ್ಪ್ರಿಂಗಿಗೆ ಬೀಳುತ್ತದೆ.

ಮುಂದಿನ ಸ್ಟೆಬಿಲೈಸರ್ ಬಾರ್ ಬುಷ್ ಮರೆಯಬೇಡಿ. ಬಹಳ ಕಾರುಗಳಲ್ಲಿ ಈ ಕಂಬಿ ಗಾಡಿ ವಾಲುವುದನ್ನು ತಡೆಯಲು ಮಾತ್ರ ಇರುತ್ತದೆ. 800ರಲ್ಲಿ ಲೋಯರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೂ ಇದೇ. ಬುಷ್ ಹೋಗಿದ್ದರೆ ಬ್ರೇಕ್ ಹಾಕಿದಾಗ ಚಕ್ರವೇ ಹಿಂದಕ್ಕೆ ಸರಿಯುತ್ತದೆ, ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ.

3. ಎಷ್ಟು ಇಳಿಸಬಹುದು: ಲೆಕ್ಕ ಇಲ್ಲಿದೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಮುಂದಿನ ಸ್ಟ್ರಟ್ಟಿನ ರಬ್ಬರ್ ತೊಡುಗೆಯನ್ನು (ಡಸ್ಟ್ ಬೂಟ್) ಮೇಲೆ ಸರಿಸಿ. ಹೊಳೆಯುವ ಪಿಸ್ಟನ್ ರಾಡ್ ಕಾಣುತ್ತದೆ, ಅದರ ಮೇಲ್ತುದಿಯಲ್ಲಿ ಬಂಪ್ ಸ್ಟಾಪ್ ಇರುತ್ತದೆ. ಸ್ಟ್ರಟ್ ಪೂರ್ತಿ ಒತ್ತಿಕೊಂಡಾಗ ಲೋಹಕ್ಕೆ ಲೋಹ ಹೊಡೆಯದಂತೆ ತಡೆಯುವ ರಬ್ಬರ್ ಉಂಡೆ ಅದು. ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ ಸ್ಟ್ರಟ್ಟಿನ ಬಾಯಿಗೆ ತಾಗುವಂತೆ ಕೆಳಗೆ ತಳ್ಳಿ. ಬಿಗಿ ಇರಲಿ, ಆದರೆ ತಳ್ಳಿದರೆ ಸರಿಯುವಷ್ಟು. ಈಗ ನಾಲ್ಕು ಜನ ಕೂತು, ನೀವು ದಿನಾ ಓಡಾಡುವ ರಸ್ತೆಯಲ್ಲೇ, ಅದೇ ಹಂಪ್, ಅದೇ ಗುಂಡಿಗಳ ಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಸ್ಟ್ರಟ್ ಒತ್ತಿಕೊಂಡಷ್ಟೂ ಟೈ ಮೇಲಕ್ಕೆ ಸರಿದು ಅಲ್ಲೇ ನಿಂತಿರುತ್ತದೆ. ಟೈನಿಂದ ಬಂಪ್ ಸ್ಟಾಪ್‌ವರೆಗೆ ಉಳಿದ ಜಾಗವೇ ನಿಮ್ಮ ಕೈಯಲ್ಲಿರುವ ಬಂಡವಾಳ. ಅಲ್ಲಿ 30 ಮಿ.ಮೀ. ಇದ್ದರೆ 25 ಮಿ.ಮೀ. ಧಾರಾಳವಾಗಿ ಇಳಿಸಬಹುದು. 8 ಮಿ.ಮೀ. ಮಾತ್ರ ಇದ್ದರೆ, ಗಾಡಿ ಈಗಲೇ ಪೂರ್ತಿ ಪ್ರಯಾಣ (ಚಕ್ರ ಮೇಲೇಳಲು ಇರುವ ದೂರ) ಬಳಸುತ್ತಿದೆ. ಸ್ಪ್ರಿಂಗ್ ಗಟ್ಟಿ ಮಾಡದೆ ಇಳಿಸಿದರೆ ಪ್ರತಿ ಗುಂಡಿಗೂ ಸ್ಟಾಪ್‌ಗೆ ಬಡಿಯುತ್ತದೆ.

ಹಿಂದಿನ ಶಾಕ್‌ನ ರಾಡ್ ಮುಚ್ಚಿಕೊಂಡಿದ್ದರೆ ಟೈ ಕಟ್ಟಲು ಬರುವುದಿಲ್ಲ. ಅಲ್ಲಿ ಬಂಪ್ ಸ್ಟಾಪ್ ಬಡಿಯುವ ಜಾಗಕ್ಕೆ ದಪ್ಪನೆಯ ಕ್ಲೇ ಉಂಡೆ ಅಂಟಿಸಿ, ಅದೇ ಸುತ್ತು ಹೊಡೆದು ಬಂದು, ಚಪ್ಪಟೆಯಾದ ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಿ.

ಇನ್ನು ನೆಲದ ಲೆಕ್ಕ. ಖಾಲಿ 800ರ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಜಾಗ) 170 ಮಿ.ಮೀ. 25 ಇಳಿಸಿದರೆ 145. ನಾಲ್ಕು ಜನ ಕೂತರೆ ಸರಾಸರಿ 35 ಮಿ.ಮೀ. ಕೂರುತ್ತದೆ ಎಂದಿಟ್ಟುಕೊಳ್ಳಿ, ಉಳಿದದ್ದು 110. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಬಾಗು. 800ರ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2,175 ಮಿ.ಮೀ. ಇಡೀ ಗಾಡಿಯೇ ಹಂಪ್ ಮೇಲೆ ಹತ್ತಿ ನಿಲ್ಲುವುದರಿಂದ ನಡು ಹೊಟ್ಟೆಯ ಕೆಳಗೆ ಕಳೆದುಕೊಳ್ಳುವುದು ಸುಮಾರು 35 ಮಿ.ಮೀ. ಅಷ್ಟೆ. ತೊಂದರೆ ಇರುವುದು ಊರವರೇ ರಾತ್ರೋರಾತ್ರಿ ಹಾಕಿದ, ಎರಡು ಅಡಿ ಅಗಲದ ಡಾಂಬರು ದಿಂಡಿನಲ್ಲಿ. ಅದರ ಇಡೀ ಎತ್ತರ ಎರಡು ಚಕ್ರಗಳ ನಡುವೆ ಹಾದುಹೋಗುತ್ತದೆ. 10 ಸೆಂ.ಮೀ. ದಿಂಡಿನ ಮೇಲೆ ನಿಮ್ಮ 110 ಮಿ.ಮೀ.ನಲ್ಲಿ ಉಳಿಯುವುದು 10 ಮಿ.ಮೀ. ಮಾತ್ರ, ಗಾಡಿ ಸ್ವಲ್ಪ ಕುಣಿದರೂ ಸೈಲೆನ್ಸರ್ ಉಜ್ಜುತ್ತದೆ. ನಿಮ್ಮ ಬೀದಿಯ ಅತಿ ಕೆಟ್ಟ ಹಂಪ್‌ಗೆ ಟೇಪು ಹಿಡಿದು ನೋಡಿ, ನಂತರ ಅಂಕಿ ನಿರ್ಧರಿಸಿ.

ದಿನಬಳಕೆಯ 800ಗೆ ನಾವು ಹೇಳುವ ಮಿತಿ: ಮುಂದೆ 25 ಮಿ.ಮೀ., ಹಿಂದೆ 25ರಿಂದ 30. ಮುಂದೆ ಇನ್ನೊಂದು ತಡೆಯೂ ಇದೆ. ಗಾಡಿ ನೆಲದ ಮೇಲೆ ನಿಂತಾಗ ಲೋಯರ್ ಆರ್ಮ್ ಒಳಗಿನ ತುದಿಯಿಂದ ಹೊರಗಿನ ಬಾಲ್ ಜಾಯಿಂಟಿನ ಕಡೆಗೆ ಇಳಿಜಾರಾಗಿರಬೇಕು, ಹೆಚ್ಚೆಂದರೆ ಸಮಮಟ್ಟ. ಹೊರತುದಿ ಮೇಲಾಗುವಷ್ಟು ಇಳಿಸಿದರೆ ಸ್ಪ್ರಿಂಗ್ ಗಟ್ಟಿ ಇದ್ದರೂ ತಿರುವಿನಲ್ಲಿ ಮೈ ಮೊದಲಿಗಿಂತ ಹೆಚ್ಚು ವಾಲುತ್ತದೆ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ತಾನೇ ಎಳೆಯುತ್ತದೆ.

ಕೆಲವರಿಗೆ ಕಣ್ಣಿಗೆ ಚುಚ್ಚುವುದು ಎತ್ತರವಲ್ಲ, ಟೈರ್ ಮತ್ತು ಮಡ್‌ಗಾರ್ಡ್ ನಡುವಿನ ಖಾಲಿ ಜಾಗ. 145/70 ಆರ್12 ಟೈರಿನ ವ್ಯಾಸ ಸುಮಾರು 508 ಮಿ.ಮೀ., 165/60 ಆರ್13 ಟೈರಿನದು 528. ಚಕ್ರ ದೊಡ್ಡದಾದರೆ ಖಾಲಿ ಜಾಗ 10 ಮಿ.ಮೀ. ಕಡಿಮೆಯಾಗಿ ಗ್ರೌಂಡ್ ಕ್ಲಿಯರೆನ್ಸ್ 10 ಮಿ.ಮೀ. ಹೆಚ್ಚುತ್ತದೆ. ಸ್ಪೀಡೋಮೀಟರ್ ಶೇ. 4ರಷ್ಟು ಕಡಿಮೆ ತೋರಿಸುತ್ತದೆ, ಅಗಲದ ಟೈರ್ ಒಳಗೆ ಉಜ್ಜುತ್ತದೋ ನೋಡಿಕೊಳ್ಳಬೇಕು. ಕಾನೂನಿನ ಕಣ್ಣಿಗೆ ಇದೂ ಬದಲಾವಣೆಯೇ.

4. ಸ್ಪ್ರಿಂಗ್: ಸುತ್ತಿಸುವುದೋ, ಕತ್ತರಿಸುವುದೋ

ಸುತ್ತಿಸುವುದೇ ಉತ್ತಮ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಗಳಿಗೆ ಸ್ಪ್ರಿಂಗ್ ಮಾಡಿಕೊಡುವವರಿದ್ದಾರೆ. ಅವರ ಹತ್ತಿರ ಹೋಗಿ "800ಗೆ ಒಂದಿಂಚು ಲೋ ಸ್ಪ್ರಿಂಗ್ ಬೇಕು" ಎಂದರೆ ಕೆಲಸ ಕೆಡುತ್ತದೆ. ಅವರಿಗೆ ಬೇಕಿರುವುದು ಅಂಕಿಗಳು: ತಂತಿಯ ದಪ್ಪ, ಸುತ್ತಿನ ಹೊರವ್ಯಾಸ, ಒಟ್ಟು ಸುತ್ತು, ಭಾರವಿಲ್ಲದಾಗಿನ ಉದ್ದ, ಗಾಡಿಯ ಭಾರ ಬಿದ್ದಾಗಿನ ಉದ್ದ, ಸುತ್ತುವ ದಿಕ್ಕು, ಎರಡು ತುದಿಗಳ ಆಕಾರ. ಮಾದರಿಗೆ ಒಂದು ಹಳೇ ಸ್ಪ್ರಿಂಗ್ ಜೊತೆಗೆ ಕೊಡಿ.

ಸ್ಪ್ರಿಂಗಿನ ಗಡಸುತನ (ಒಂದು ಮಿ.ಮೀ. ಒತ್ತಲು ಎಷ್ಟು ಕೆ.ಜಿ. ಬೇಕು ಎಂಬುದು) ಹೀಗೆ ಲೆಕ್ಕ ಹಾಕಿ. ತಂತಿಯ ದಪ್ಪವನ್ನು ನಾಲ್ಕನೇ ಘಾತಕ್ಕೆ ಏರಿಸಿ (10 × 10 × 10 × 10 ಎಂಬಂತೆ), ಅದನ್ನು 8,000ದಿಂದ ಗುಣಿಸಿ. ಇನ್ನೊಂದು ಕಡೆ, ಸುತ್ತಿನ ಸರಾಸರಿ ವ್ಯಾಸವನ್ನು (ಹೊರವ್ಯಾಸದಲ್ಲಿ ತಂತಿಯ ದಪ್ಪ ಕಳೆದರೆ ಬರುವುದು) ಮೂರನೇ ಘಾತಕ್ಕೆ ಏರಿಸಿ (100 × 100 × 100 ಎಂಬಂತೆ), ಕೆಲಸ ಮಾಡುವ ಸುತ್ತುಗಳಿಂದ ಮತ್ತು 8ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಅಳತೆಯೆಲ್ಲ ಮಿ.ಮೀ.ನಲ್ಲಿರಲಿ. ತಟ್ಟೆಗೆ (ಸ್ಪ್ರಿಂಗಿನ ತುದಿ ಕೂರುವ ಲೋಹದ ಆಸನ) ಅಂಟಿಕೊಂಡು ಕೂತಿರುವ ಕೊನೆಯ ಸುತ್ತುಗಳನ್ನು ಎಣಿಸಬೇಡಿ. ಉದಾಹರಣೆಗೆ 10 ಮಿ.ಮೀ. ತಂತಿ, 100 ಮಿ.ಮೀ. ಸರಾಸರಿ ವ್ಯಾಸ, 5 ಸುತ್ತು ಇದ್ದರೆ ಮಿ.ಮೀ.ಗೆ 2 ಕೆ.ಜಿ. ಬರುತ್ತದೆ. ಇದು ಲೆಕ್ಕ ತೋರಿಸಲು ತೆಗೆದುಕೊಂಡ ಸ್ಪ್ರಿಂಗ್, ನಿಮ್ಮದನ್ನು ನೀವೇ ಅಳೆಯಿರಿ.

ಗಾಡಿಯ ಭಾರಕ್ಕೆ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಹಿಂದಿನದು ಮಾತ್ರ ನಿಲ್ಲಿಸಿ ಇನ್ನೊಂದು. ಅರ್ಧ ಮಾಡಿ, ಸ್ಪ್ರಿಂಗ್ ಹೊರದ ಭಾರವನ್ನು ಕಳೆಯಿರಿ. ಚಕ್ರ, ಬ್ರೇಕ್, ನಕಲ್ (ಚಕ್ರದ ಬೇರಿಂಗ್ ಹಿಡಿದಿರುವ ಎರಕದ ಭಾಗ) ಸೇರಿ ಒಂದು ಮೂಲೆಗೆ 25 ಕೆ.ಜಿ. ಎಂದು ಹಿಡಿಯಬಹುದು. ನಮ್ಮ ಉದಾಹರಣೆಯ ಸ್ಪ್ರಿಂಗ್ ಮೇಲೆ 170 ಕೆ.ಜಿ. ಬೀಳುತ್ತದೆ ಎಂದುಕೊಳ್ಳಿ: 85 ಮಿ.ಮೀ. ಒತ್ತಿಕೊಳ್ಳುತ್ತದೆ. 300 ಮಿ.ಮೀ. ಸ್ಪ್ರಿಂಗ್ ಗಾಡಿಯ ಕೆಳಗೆ 215 ಆಗುತ್ತದೆ. 25 ಇಳಿಯಬೇಕಾದರೆ ಅದು 190 ಆಗಬೇಕು. ಪ್ರಯಾಣ ಕಡಿಮೆಯಾಗಿದ್ದಕ್ಕೆ ಗಡಸುತನ ಶೇ. 20 ಹೆಚ್ಚಿಸೋಣ, ಮಿ.ಮೀ.ಗೆ 2.4 ಕೆ.ಜಿ. ಆಗ 71 ಮಿ.ಮೀ. ಒತ್ತುತ್ತದೆ, ಹೊಸ ಸ್ಪ್ರಿಂಗಿನ ಉದ್ದ 261. ಗಡಸುತನ ಹೆಚ್ಚಿಸಲು ತಂತಿ 10ರಿಂದ 10.5 ಮಾಡಿದರೆ ಸಾಕು, ಅರ್ಧ ಮಿ.ಮೀ.ಗೆ ಸುಮಾರು ಶೇ. 22 ಏರುತ್ತದೆ. ಆ ಕಾರಣಕ್ಕೇ ತಂತಿಯನ್ನು ಟೇಪಿನಿಂದಲ್ಲ, ಬಣ್ಣ ಕೆರೆದು ವರ್ನಿಯರ್‌ನಿಂದ ಅಳೆಯಬೇಕು.

ಈ 71 ಎಂಬ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಜಾಕ್ ಎತ್ತಿದಾಗ ಚಕ್ರ ಎಷ್ಟು ಜೋತು ಬೀಳುತ್ತದೆ ಅಳೆಯಿರಿ. ಅದು 71ಕ್ಕಿಂತ ಹೆಚ್ಚಾದರೆ ಸ್ಪ್ರಿಂಗ್ ತಟ್ಟೆಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಗಾಡಿ ಹೊಸ ಎತ್ತರದಲ್ಲಿ ನಿಂತಾಗ ಜೋತು ಬೀಳುವ ಅಳತೆ ಹಳೆಯದಕ್ಕಿಂತ ನೀವು ಇಳಿಸಿದಷ್ಟೇ ಹೆಚ್ಚಾಗಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಸುತ್ತುವವರ ಹತ್ತಿರ ಎರಡು ವಿಷಯ ಒತ್ತಿ ಕೇಳಿ. ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಸ್ಪ್ರಿಂಗನ್ನು ಪೂರ್ತಿ ಒತ್ತಿ ಬಿಟ್ಟಿದ್ದಾರೆಯೇ? ಮೂರ್ನಾಲ್ಕು ಸಲ ಹೀಗೆ ಒತ್ತದಿದ್ದರೆ ಮೊದಲ ತಿಂಗಳಲ್ಲೇ ಗಾಡಿ ಇನ್ನೂ 10 ಮಿ.ಮೀ. ಕೂರಬಹುದು. ಶಾಟ್ ಪೀನಿಂಗ್ ಆಗಿದೆಯೇ? ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆದು ಮೇಲ್ಮೈಯನ್ನು ಬಿಗಿಗೊಳಿಸುವ ಕೆಲಸ ಇದು. ಇಲ್ಲದಿದ್ದರೆ ಸ್ಪ್ರಿಂಗ್ ಬೇಗ ಬಿರುಕು ಬಿಡುತ್ತದೆ.

ಕತ್ತರಿಸುವುದೇ ಆದರೆ, ಸರಳ ನಿಯಮವೊಂದಿದೆ. ಗಾಡಿ ನೆಲದ ಮೇಲೆ ನಿಂತಾಗ ಸ್ಪ್ರಿಂಗಿನ ಒಂದು ಸುತ್ತಿನ ನಡುವಿನಿಂದ ಮುಂದಿನ ಸುತ್ತಿನ ನಡುವಿಗೆ ಇರುವ ಅಂತರ ಅಳೆಯಿರಿ. ಒಂದು ಸುತ್ತು ತೆಗೆದರೆ ಸ್ಪ್ರಿಂಗ್ ಅಷ್ಟೇ ಗಿಡ್ಡವಾಗುತ್ತದೆ. 40 ಮಿ.ಮೀ. ಇದ್ದರೆ ಅರ್ಧ ಸುತ್ತಿಗೆ 20. ಮೇಲಿನ ಐದು ಸುತ್ತಿನ ಸ್ಪ್ರಿಂಗಿನಲ್ಲಿ ಅರ್ಧ ಸುತ್ತು ತೆಗೆದರೆ ಗಡಸುತನವೂ ಶೇ. 11 ಏರುತ್ತದೆ, ಅದು ಅನುಕೂಲವೇ. ಮೊದಲ ಸಲ ಅರ್ಧ ಸುತ್ತಿಗಿಂತ ಹೆಚ್ಚು ತೆಗೆಯಬೇಡಿ. ಇನ್ನೂ ಬೇಕಿದ್ದರೆ ಮತ್ತೆ ಕಾಲು ಸುತ್ತು ತೆಗೆಯಬಹುದು, ಹೋದದ್ದನ್ನು ಅಂಟಿಸಲಾಗದು. ಸ್ಪ್ರಿಂಗ್ ಮೇಲೆ ಎಂದೂ ವೆಲ್ಡಿಂಗ್ ಮಾಡಬಾರದು.

ತುದಿಯ ಆಕಾರ ನೋಡಿ ನಿರ್ಧರಿಸಿ. ತುದಿ ಸುರುಳಿಯಂತೆ ಹಾಗೇ ಓಪನ್ ಆಗಿ ಮುಗಿದು, ಮೆಟ್ಟಿಲಿನಂತೆ ಏರುವ ತಟ್ಟೆಯಲ್ಲಿ ಕೂರುವಂತಿದ್ದರೆ ಆ ಕಡೆ ಕತ್ತರಿಸಬಹುದು. ಚಪ್ಪಟೆಯಾಗಿ ಮಡಚಿದ ಅಥವಾ ಕಿರಿದಾಗಿ ಒಳಕ್ಕೆ ಸುತ್ತಿದ ತುದಿಯನ್ನು ಮುಟ್ಟಬೇಡಿ. ಎರಡೂ ತುದಿ ಹಾಗಿದ್ದರೆ ಆ ಸ್ಪ್ರಿಂಗ್ ಕತ್ತರಿಸುವಂಥದ್ದಲ್ಲ, ಸುತ್ತಿಸಲೇಬೇಕು.

ಗ್ಯಾಸ್ ಕಟರ್‌ನಲ್ಲಿ ಕತ್ತರಿಸುವುದು, ಗಾಡಿಯ ಮೇಲೇ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ "ಕೂರಿಸುವುದು", ಇವೆರಡೂ ಈಗಲೂ ನಡೆಯುತ್ತಿವೆ. ಕಾದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ, ಅದು ಸ್ಪ್ರಿಂಗಾಗಿ ಉಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಅಲ್ಲೇ ಕುಸಿಯುತ್ತದೆ ಅಥವಾ ಮುರಿಯುತ್ತದೆ, ಮುರಿದ ತುದಿ ಟೈರಿಗೆ ಚುಚ್ಚುತ್ತದೆ. ಗುಜರಿಯಲ್ಲಿ "ಲೋವರಿಂಗ್ ಸ್ಪ್ರಿಂಗ್" ಎಂದು ಕೊಡುವುದನ್ನೂ ತುದಿ ನೋಡಿಯೇ ಕೊಳ್ಳಿ. ಬಣ್ಣದ ಕೆಳಗೆ ಗ್ರೈಂಡರ್ ಗೆರೆ ಅಥವಾ ಗ್ಯಾಸಿನ ಉಬ್ಬು ಕಂಡರೆ ಯಾರೋ ಕತ್ತರಿಸಿ ಬಣ್ಣ ಹೊಡೆದದ್ದು.

5. ಮುಂದಿನ ಸ್ಟ್ರಟ್

ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರ ತೆಗೆಯಿರಿ. ಬ್ರೇಕ್ ಹೋಸನ್ನು ಸ್ಟ್ರಟ್ಟಿಗೆ ಹಿಡಿದಿರುವ ಕ್ಲಿಪ್ ತೆಗೆದು ಹೋಸ್ ಬಿಡಿಸಿ, ಬ್ರೇಕ್ ಲೈನ್ ಬಿಚ್ಚುವುದು ಬೇಕಿಲ್ಲ. ಸ್ಟ್ರಟ್ಟನ್ನು ನಕಲ್‌ಗೆ ಸೇರಿಸುವ ಎರಡು ಬೋಲ್ಟು ತೆಗೆಯಿರಿ. ಅಷ್ಟರಲ್ಲಿ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಬಾಡಿಗೆ ಕಟ್ಟಿ ನಿಲ್ಲಿಸಿ, ಇಲ್ಲವಾದರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಿಕೊಂಡು ಅರ್ಧ ದಿನದ ಕೆಲಸ ಹೆಚ್ಚಾಗುತ್ತದೆ. ಕೊನೆಗೆ ಬಾನೆಟ್ ಒಳಗಿನ ಮೌಂಟ್ ನಟ್ಟುಗಳನ್ನು ತೆಗೆದು ಸ್ಟ್ರಟ್ ಕೆಳಗಿಳಿಸಿ. ನಡುವಿನ ದೊಡ್ಡ ನಟ್ಟನ್ನು ಈಗ ಮುಟ್ಟಬೇಡಿ. ಸ್ಪ್ರಿಂಗಿನ ಇಡೀ ಬಲವನ್ನು ತಡೆದು ನಿಲ್ಲಿಸಿರುವುದು ಅದೊಂದೇ.

ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ, ಆದಷ್ಟು ಹೆಚ್ಚು ಸುತ್ತು ಹಿಡಿಯುವಂತೆ ಹಾಕಿ. ಒಂದಕ್ಕೆ ಮೂರು ಸುತ್ತು, ಇನ್ನೊಂದಕ್ಕೆ ಮೂರು, ಹೀಗೆ ಕೈಯಲ್ಲೇ ತಿರುಗಿಸಿ. ಏರ್ ಗನ್ ಬಳಸಿದರೆ ಕಂಪ್ರೆಸರ್‌ನ ಥ್ರೆಡ್ ಸುಲಿದುಹೋಗುತ್ತದೆ. ಸ್ಪ್ರಿಂಗ್ ತಟ್ಟೆಯಲ್ಲಿ ಕೈಯಿಂದ ಅಲ್ಲಾಡುವಷ್ಟು ಸಡಿಲವಾದ ಮೇಲೆ ಮಾತ್ರ ನಡುವಿನ ನಟ್ಟು ಬಿಚ್ಚಿ. ಸ್ಟ್ರಟ್ಟಿನ ತಲೆ ನಿಮ್ಮ ಕಡೆಗೂ ಬೇರೆಯವರ ಕಡೆಗೂ ತಿರುಗಿರದಿರಲಿ. ರಾಡ್ ತಿರುಗುತ್ತಿದ್ದರೆ ಅದನ್ನು ಪ್ಲಾಯರ್‌ನಲ್ಲಿ ಕಚ್ಚಿ ಹಿಡಿಯಬೇಡಿ. ಹೊಳೆಯುವ ಭಾಗಕ್ಕೆ ಒಂದು ಗೀರು ಬಿದ್ದರೂ ಆಯಿಲ್ ಸೀಲ್ ಹರಿದು ಹೊಸ ಶಾಕ್ ಸೋರುತ್ತದೆ.

ಸ್ಪ್ರಿಂಗ್ ಹಾಕುವ ಮೊದಲು ಒಂದು ಪರೀಕ್ಷೆ. ಬರೀ ಶಾಕ್, ಬಂಪ್ ಸ್ಟಾಪ್, ಮೌಂಟ್ ಮಾತ್ರ ಜೋಡಿಸಿ ಗಾಡಿಗೆ ಕಟ್ಟಿ, ಚಕ್ರ ಹಾಕಿ, ಲೋಯರ್ ಆರ್ಮ್ ಕೆಳಗೆ ಜಾಕ್ ಇಟ್ಟು ಸ್ಟಾಪ್ ಒತ್ತಿಕೊಳ್ಳುವವರೆಗೆ ಎತ್ತಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲಿ ತಾಗುತ್ತದೆ, ಬ್ರೇಕ್ ಹೋಸ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ರಸ್ತೆಯಲ್ಲಿ ಆಗಬಹುದಾದ ಅತಿ ಕೆಟ್ಟ ಸ್ಥಿತಿ ಇದೇ. ಬಂಪ್ ಸ್ಟಾಪ್ ಉದ್ದವೆನಿಸಿದರೆ ಮೂರರಲ್ಲಿ ಒಂದು ಭಾಗ ಕತ್ತರಿಸಬಹುದು, ಪೂರ್ತಿ ತೆಗೆದು ಎಸೆದರೆ ಶಾಕ್ ಒಳಗಿನ ವಾಲ್ವ್ ತಳಕ್ಕೆ ಬಡಿದು ಒಡೆಯುತ್ತದೆ.

ಜೋಡಿಸುವಾಗ ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ಒತ್ತಿ ನಿಂತಿರಬೇಕು. ಕತ್ತರಿಸಿದ ತುದಿಯ ಚೂಪನ್ನು ಉಜ್ಜಿ ದುಂಡಗೆ ಮಾಡಿ, ತಣಿಸಲು ನೀರು ಹೊಯ್ಯದೆ ತಾನೇ ಆರಲು ಬಿಟ್ಟು, ಪ್ರೈಮರ್ ಹೊಡೆಯಿರಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ.

6. ಹಿಂದಿನ ಸ್ಪ್ರಿಂಗ್

ಹಿಂದೆ ಸುಲಭ, ಕಂಪ್ರೆಸರ್ ಬೇಡ. ಗಾಡಿಯ ಬಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಕ್ಸಲ್ ನಡುವೆ ಜಾಕ್ ಕೊಡಿ. ಎರಡೂ ಶಾಕ್‌ಗಳ ಕೆಳಗಿನ ಬೋಲ್ಟು ತೆಗೆದು ಜಾಕನ್ನು ನಿಧಾನ ಇಳಿಸುತ್ತ ಬನ್ನಿ, ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಇಳಿಸುವಾಗ ಕಣ್ಣು ಬ್ರೇಕ್ ಹೋಸ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಮೇಲಿರಲಿ. ಹೋಸ್ ಬಿಗಿಯಾಗುತ್ತಿದ್ದರೆ ನಿಲ್ಲಿಸಿ, ಅಡ್ಡ ಕಂಬಿಯ (ಲ್ಯಾಟರಲ್ ರಾಡ್, ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯುವುದು) ಒಂದು ತುದಿ ಬಿಚ್ಚಿಕೊಳ್ಳಿ.

ಹಿಂದೆ ಅಪಾಯ ಬೇರೆ ಥರ. ಇಲ್ಲಿ ಸ್ಪ್ರಿಂಗನ್ನು ಜಾಗದಲ್ಲಿ ಹಿಡಿದಿರುವುದು ಗಾಡಿಯ ಭಾರ ಮಾತ್ರ. ಆಕ್ಸಲ್ ಜೋತು ಬೀಳುವುದನ್ನು ತಡೆಯುವುದು ಶಾಕ್‌ನ ಉದ್ದ. ಗಿಡ್ಡ ಸ್ಪ್ರಿಂಗಿಗೆ ಉದ್ದ ಶಾಕ್ ಸೇರಿದರೆ ಹಂಪ್ ಹಾರಿದಾಗ ಸ್ಪ್ರಿಂಗ್ ತಟ್ಟೆ ಬಿಟ್ಟು ಪಕ್ಕಕ್ಕೆ ಕೂರುತ್ತದೆ, ಇಲ್ಲವೇ ಬಿದ್ದೇ ಹೋಗುತ್ತದೆ. ಜೋಡಿಸಿದ ಮೇಲೆ ಚಕ್ರ ಎರಡನ್ನೂ ಗಾಳಿಯಲ್ಲಿ ತೂಗುಬಿಟ್ಟು ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ಸುಲಭವಾಗಿ ತಿರುಗಿದರೆ ಅದು ಗಿಡ್ಡವಾಯಿತು. ಕೇಬಲ್ ಟೈ, ಕಟ್ಟುವ ತಂತಿ ಇದಕ್ಕೆ ಪರಿಹಾರವಲ್ಲ. ಜೋತು ಬೀಳುವ ಅಳತೆ ಕಡಿಮೆಯಿರುವ ಶಾಕ್ ಹುಡುಕಿ, ಇಲ್ಲವೇ ಇಳಿಸುವ ಅಳತೆಯನ್ನೇ ಕಡಿಮೆ ಮಾಡಿ.

ಅಡ್ಡ ಕಂಬಿಯಿಂದಾಗಿ ಗಾಡಿ ಇಳಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. 30 ಮಿ.ಮೀ. ಇಳಿಸಿದರೆ ಸರಿಯುವುದು ಒಂದರಿಂದ ಮೂರು ಮಿ.ಮೀ. ಇಷ್ಟಕ್ಕಾಗಿ ಅಡ್ಜಸ್ಟ್ ಆಗುವ ಕಂಬಿ ಮಾಡಿಸುವ ಖರ್ಚು ದಂಡ. ನಿಮ್ಮ ಗಾಡಿಯಲ್ಲಿ ಹಿಂದಿನ ಆಕ್ಸಲ್‌ಗೆ ಕಡ್ಡಿಯಿಂದ ಸಿಕ್ಕಿಸಿದ ಬ್ರೇಕ್ ವಾಲ್ವ್ ಇದ್ದರೆ ಮಾತ್ರ ಗಮನ ಕೊಡಿ. ಭಾರ ಹೆಚ್ಚಿದೆ ಎಂದು ಅದು ತಪ್ಪು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಅದನ್ನು ಹೊಸ ಎತ್ತರಕ್ಕೆ ಸರಿಹೊಂದಿಸಲೇಬೇಕು.

7. ಬುಷ್ ಬೋಲ್ಟುಗಳನ್ನು ಗಾಡಿ ನೆಲದ ಮೇಲಿರುವಾಗ ಬಿಗಿಯಿರಿ

ಹೆಚ್ಚು ಜನ ಮಾಡುವ ತಪ್ಪು ಇದು. ಲೋಯರ್ ಆರ್ಮ್, ಟ್ರೇಲಿಂಗ್ ಆರ್ಮ್, ಅಡ್ಡ ಕಂಬಿ ಇವುಗಳ ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತುಬಿದ್ದಾಗ ಬಿಗಿದರೆ, ಗಾಡಿ ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಎತ್ತರ 5-10 ಮಿ.ಮೀ. ಹೆಚ್ಚು ತೋರುತ್ತದೆ, ಬುಷ್ ಬೇಗ ಹರಿಯುತ್ತದೆ. ಈ ಬೋಲ್ಟುಗಳನ್ನು ಹಳೆಯ ಎತ್ತರದಲ್ಲಿ ಬಿಗಿದಿರುವುದರಿಂದ, ನೀವು ಬಿಚ್ಚದಿದ್ದರೂ ಒಮ್ಮೆ ಸಡಿಲಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಒತ್ತಿ ಕುಣಿಸಿ, ಸರ್ವಿಸ್ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ನಕಲ್ ಬೋಲ್ಟಿನ ನಟ್ಟು ಹಳೆಯದಾಗಿದ್ದರೆ ಹೊಸದು ಹಾಕಿ.

8. ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್

ಅಲೈನ್‌ಮೆಂಟನ್ನು ಎರಡು ಸಲ ಮಾಡಿಸಬೇಕು, ಕೆಲಸ ಮುಗಿದ ದಿನ ಒಮ್ಮೆ, 200 ಕಿಲೋಮೀಟರ್ ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ. 800ರಲ್ಲಿ ಸರಿಹೊಂದಿಸಲು ಆಗುವುದು ಟೋ ಮಾತ್ರ, ಅಂದರೆ ಮುಂದಿನ ಎರಡು ಚಕ್ರಗಳು ಒಳಮುಖವೋ ಹೊರಮುಖವೋ ಎಂಬುದು. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವುದು) ಸ್ವಲ್ಪ ಒಳಕ್ಕೆ ಹೋಗಿರುತ್ತದೆ, 25 ಮಿ.ಮೀ.ಗೆ ಅದು ತಲೆಕೆಡಿಸಿಕೊಳ್ಳುವಷ್ಟಲ್ಲ. ಟೈರಿನ ಒಳ ಅಂಚು ತಿನ್ನುವುದು ಹೆಚ್ಚಾಗಿ ಟೋ ತಪ್ಪಿದ್ದಕ್ಕೆ, ಬೈಗುಳ ತಿನ್ನುವುದು ಕ್ಯಾಂಬರ್. ಸ್ಟ್ರಟ್ಟಿನ ಬೋಲ್ಟು ತೂತನ್ನು ಫೈಲಿನಲ್ಲಿ ಉಜ್ಜಿ ಕ್ಯಾಂಬರ್ ಸರಿಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ.

ಮುಂದೆ ಹಿಂದೆ ಒಂದೇ ಅಳತೆಯಲ್ಲಿ ಇಳಿಯದಿದ್ದರೆ ಹೆಡ್‌ಲೈಟ್ ಬೆಳಕು ಮೇಲೆ ಕೆಳಗೆ ಆಗಿರುತ್ತದೆ. ಹಿಂಭಾಗ ಹೆಚ್ಚು ಕೂತರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗೋಡೆಗೆ ಬೆಳಕು ಬಿಟ್ಟು ಕೆಲಸಕ್ಕೆ ಮೊದಲೇ ಗುರುತು ಹಾಕಿಟ್ಟಿದ್ದರೆ ಐದು ನಿಮಿಷದ ಕೆಲಸ.

ಸದ್ದು ಕೇಳಿ ತಪ್ಪು ಹಿಡಿಯುವುದು

ಸ್ಟೀರಿಂಗ್ ತಿರುಗಿಸಿದಾಗ "ಟಂಯ್" ಎಂದು ಸ್ಪ್ರಿಂಗ್ ಮೀಟಿದ ಸದ್ದು ಬಂದರೆ ತುದಿ ಮೆಟ್ಟಿಲಲ್ಲಿ ಕೂತಿಲ್ಲ ಅಥವಾ ಮೌಂಟಿನ ಬೇರಿಂಗ್ ಹಿಡಿದುಕೊಂಡಿದೆ. ಗುಂಡಿಗೆ ಬಿದ್ದಾಗ ಮಾತ್ರ "ಧಡ್" ಎಂದರೆ ಬಂಪ್ ಸ್ಟಾಪ್. ಮತ್ತೆ ಕೇಬಲ್ ಟೈ ಕಟ್ಟಿ ಓಡಿಸಿ, ಎಷ್ಟು ಬಾಕಿ ಉಳಿದಿದೆ ನೋಡಿ. ಹಂಪ್ ಇಳಿದ ಮೇಲೆ ಹಿಂದಿನಿಂದ "ಟಕ್" ಎಂದರೆ ಸ್ಪ್ರಿಂಗ್ ಸಡಿಲವಾಗಿ ಮತ್ತೆ ಕೂತ ಸದ್ದು, ಗಾಡಿ ಓಡಿಸುವುದನ್ನು ನಿಲ್ಲಿಸಿ 6ನೇ ಹಂತಕ್ಕೆ ಮರಳಿ. ಬ್ರೇಕ್ ಹಾಕಿದಾಗ ಮುಂದಿನಿಂದ ಬಡಿತ ಬಂದರೆ ಸ್ಟೆಬಿಲೈಸರ್ ಬಾರ್‌ನ ತುದಿಯ ನಟ್ಟು ಸಡಿಲವಿದೆ. ಸದ್ದೇ ಇಲ್ಲದೆ ಗಾಡಿ ಒಂದು ಕಡೆ ಎಳೆದರೆ ಎಡ ಬಲದ ಎತ್ತರವನ್ನು 1ನೇ ಹಂತದಂತೆ ಮತ್ತೆ ಅಳೆಯಿರಿ. 5 ಮಿ.ಮೀ. ಒಳಗಿದ್ದರೆ ತಪ್ಪು ಸ್ಪ್ರಿಂಗಿನದಲ್ಲ, ಟೋ ಅಥವಾ ಟೈರಿನದು.

ತಿಂಗಳಾದ ಮೇಲೆ ನಾಲ್ಕೂ ಎತ್ತರ ಮತ್ತೊಮ್ಮೆ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ತೆಗೆದಿಟ್ಟ ಮೂಲ ಸ್ಪ್ರಿಂಗ್‌ಗಳಿಗೆ ಎಡ, ಬಲ, ಮುಂದೆ, ಹಿಂದೆ ಎಂದು ಬಣ್ಣದಲ್ಲಿ ಗುರುತು ಹಾಕಿ, ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿಡಿ. ನೋಂದಣಿ ನವೀಕರಣದ ವರ್ಷ ಅವನ್ನೇ ಹುಡುಕುತ್ತೀರಿ.